ಹಳೆಯ ಎಲೆಕ್ಟ್ರಿಕ್ ಪಿಕಪ್ ದಾನ ಕೊಡುವುದು: ತುಮಕೂರು ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವಸಂತನರಸಾಪುರದ ಕಾರ್ಖಾನೆಗಳು, ಅಂತರಸನಹಳ್ಳಿ ಮಾರುಕಟ್ಟೆಯ ವ್ಯಾಪಾರಿಗಳು, ಊರಿನ ಗ್ಯಾಸ್ ಮತ್ತು ದಿನಸಿ ಏಜೆನ್ಸಿಗಳು ಕೆಲವು ವರ್ಷಗಳ ಹಿಂದೆ ಕೊಂಡ ಎಲೆಕ್ಟ್ರಿಕ್ ಲಗೇಜ್ ಗಾಡಿಗಳು ಈಗ ಒಂದೊಂದಾಗಿ ಬದಲಾಗುತ್ತಿವೆ. ಅವುಗಳನ್ನು ಅನಾಥಾಲಯಕ್ಕೋ ಗೋಶಾಲೆಗೋ ದಾಸೋಹಕ್ಕೋ ಕೊಡಬೇಕೆಂದು ಕೇಳುವವರೂ ಹೆಚ್ಚಾಗಿದ್ದಾರೆ. ಕೊಡುವ ಮನಸ್ಸು ದೊಡ್ಡದು. ಆದರೆ ಬ್ಯಾಟರಿಯ ಸ್ಥಿತಿ ನೋಡದೆ, ಆರ್‌ಸಿ ಬದಲಿಸದೆ ಕೊಟ್ಟ ಗಾಡಿ ಪಡೆದವರಿಗೂ ಕೊಟ್ಟವರಿಗೂ ತಲೆನೋವಾಗುತ್ತದೆ.

ಎಂಥ ಗಾಡಿಯನ್ನು ದಾನ ಕೊಡಬಹುದು?

ಓಡುವ, ಚಾರ್ಜ್ ಆಗುವ, ಕಾಗದ ಸರಿಯಿರುವ ಗಾಡಿಯನ್ನು ಮಾತ್ರ. ನಮ್ಮ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬರುವುದು ಎರಡು ಬಗೆ. ಒಂದು, ಟಾಟಾ ಏಸ್ ಇವಿಯಂಥ ನಾಲ್ಕು ಚಕ್ರದ ಪಿಕಪ್. 2022ರಲ್ಲಿ ಬಿಡುಗಡೆಯಾದ ಮೊದಲ ಮಾದರಿಯಲ್ಲಿ 21.3 ಕಿಲೋವ್ಯಾಟ್-ಅವರ್ (ಅಂದರೆ 21.3 ಯೂನಿಟ್) ಬ್ಯಾಟರಿ, 600 ಕೆಜಿ ಲೋಡು, ಪ್ರಮಾಣೀಕರಿಸಿದ ರೇಂಜು 154 ಕಿ.ಮೀ. ಇನ್ನೊಂದು, ಮಹೀಂದ್ರಾ ಟ್ರಿಯೋ ಝೋರ್‌ನಂಥ ಮೂರು ಚಕ್ರದ ಲಗೇಜ್ ಆಟೊ. ಅದರ ಬ್ಯಾಟರಿ 7.37 ಕಿಲೋವ್ಯಾಟ್-ಅವರ್. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮೂರು ಚಕ್ರದ್ದು ಊರೊಳಗಿನ ಕೆಲಸಕ್ಕೆ ಸರಿ, ಹೆದ್ದಾರಿಯ ದೂರದ ಓಡಾಟಕ್ಕೆ ಅಲ್ಲ.

ನೀರಲ್ಲಿ ಮುಳುಗಿದ್ದ ಗಾಡಿ, ಅಪಘಾತದಲ್ಲಿ ಬ್ಯಾಟರಿ ಪೆಟ್ಟಿಗೆಗೆ ಪೆಟ್ಟು ಬಿದ್ದ ಗಾಡಿ, ಬೇರೆ ಯಾರೋ ಬ್ಯಾಟರಿ ಬಿಚ್ಚಿ ಸೆಲ್ ಬದಲಿಸಿದ ಗಾಡಿ, ಈ ಮೂರನ್ನು ಯಾವ ಸಂಸ್ಥೆಗೂ ಕೊಡಬೇಡಿ. ನೀರು ಒಳಹೊಕ್ಕ ಬ್ಯಾಟರಿ ಪ್ಯಾಕ್ ಮೊದಲ ವಾರ ಚೆನ್ನಾಗಿಯೇ ಓಡಿ, ಕನೆಕ್ಟರ್ ತುಕ್ಕು ಹಿಡಿದ ಮೇಲೆ ತಿಂಗಳುಗಳ ನಂತರ ಶಾರ್ಟ್ ಆಗಬಹುದು. ಆ ಹೊತ್ತಿಗೆ ಅದು ಮಕ್ಕಳ ಹಾಸ್ಟೆಲಿನ ಗೋಡೆ ಪಕ್ಕ ಚಾರ್ಜಿಗೆ ನಿಂತಿರುತ್ತದೆ.

ನನ್ನ ಗಾಡಿ ಆ ಸಂಸ್ಥೆಗೆ ಉಪಯೋಗಕ್ಕೆ ಬರುತ್ತದೆಯೇ ಎಂದು ಹೇಗೆ ಲೆಕ್ಕ ಹಾಕುವುದು?

ಅವರ ದಿನದ ಓಡಾಟ ಕೇಳಿ, ಕಿಲೋಮೀಟರಿನಲ್ಲಿ ಬರೆಸಿಕೊಳ್ಳಿ. ಪ್ರಮಾಣೀಕರಿಸಿದ 154 ಕಿ.ಮೀ. ಎನ್ನುವುದು ಪರೀಕ್ಷೆಯ ಅಂಕಿ. ಲೋಡು, ಏರು, ನಿಂತು ಹೊರಡುವ ಊರ ಓಡಾಟ ಎಲ್ಲ ಸೇರಿದರೆ ಹೊಸ ಗಾಡಿಗೂ 100 ಎಂದೇ ಇಟ್ಟುಕೊಳ್ಳುವುದು ಕ್ಷೇಮ. ಬ್ಯಾಟರಿ ಶೇ. 80 ಉಳಿದಿದ್ದರೆ 80 ಕಿ.ಮೀ.; ಅದರಲ್ಲಿ ಐದನೇ ಒಂದು ಪಾಲನ್ನು ಮುಟ್ಟದೆ ಉಳಿಸಿದರೆ 64. ತುಮಕೂರಿನಿಂದ ಗುಬ್ಬಿಗೆ ಹೋಗಿಬರುವುದು ಸುಮಾರು 40 ಕಿ.ಮೀ., ನಿರಾಳವಾಗಿ ಆಗುತ್ತದೆ. ಶಿರಾ ಒಂದು ದಿಕ್ಕಿಗೇ ಸುಮಾರು 50, ಹಾಗಾಗಿ ನಡುವೆ ಚಾರ್ಜ್ ಮಾಡದೆ ಹೋಗಿಬರಲು ಆಗದು. ಪಾವಗಡದ ಸಂಸ್ಥೆ ವಾರಕ್ಕೊಮ್ಮೆ ತುಮಕೂರಿಗೆ ಬಂದು ಸಾಮಾನು ಒಯ್ಯುತ್ತದೆ ಎಂದಾದರೆ ಈ ಗಾಡಿ ಅವರಿಗಲ್ಲ. ಡೀಸೆಲ್ ಗಾಡಿಯೇ ಬೇಕು. ಅದೇ ಸಂಸ್ಥೆ ಪಾವಗಡದ ಸುತ್ತಲಿನ ಹಳ್ಳಿಗಳಿಗೇ ಊಟ ಹಂಚುವುದಾದರೆ ಇದಕ್ಕಿಂತ ಒಳ್ಳೆಯ ಗಾಡಿ ಸಿಗದು.

ಲೋಡನ್ನೂ ಹೀಗೇ ಎಣಿಸಿ. 600 ಕೆಜಿ ಎಂದರೆ 25 ಕೆಜಿಯ 24 ಅಕ್ಕಿ ಚೀಲ, ಇಲ್ಲವೇ 20 ಲೀಟರಿನ ಸುಮಾರು 30 ನೀರಿನ ಕ್ಯಾನ್. ಗೋಶಾಲೆಯವರು ಒಣಹುಲ್ಲಿಗೆ ಕೇಳಿದರೆ ತೂಕದ ಚಿಂತೆಯಿಲ್ಲ, ಹಸಿ ಜೋಳದ ಮೇವಿಗೆ ಕೇಳಿದರೆ ಇದೆ. ತೊಟ್ಟಿ ತುಂಬುವಷ್ಟು ಹಸಿಮೇವು ಹೇರಿ ದೇವರಾಯನದುರ್ಗದ ಏರಿನಂಥ ಕಡೆ ಹತ್ತಿಸಿದರೆ ಮೋಟರ್ ಬಿಸಿಯಾಗಿ ಗಾಡಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದನ್ನು ಕೆಟ್ಟುಹೋಯಿತು ಎಂದುಕೊಂಡು ಮೂಲೆಗೆ ತಳ್ಳುವವರಿದ್ದಾರೆ.

ಬ್ಯಾಟರಿ ಎಷ್ಟು ಉಳಿದಿದೆ ಎಂದು ಮನೆಯಲ್ಲೇ ತಿಳಿಯಲು ದಾರಿ ಇದೆಯೇ?

ಇದೆ. ಬೇಕಾದದ್ದು 16 ಆಂಪಿಯರ್ ತಡೆಯುವ ಯೂನಿಟ್ ಮೀಟರ್ ಮತ್ತು ಎರಡು ದಿನ. ಡ್ಯಾಶ್‌ಬೋರ್ಡ್ ತೋರಿಸುವ ಶೇಕಡಾವನ್ನು ನೇರವಾಗಿ ನಂಬಬೇಡಿ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳ ವೋಲ್ಟೇಜ್ ನಡುವಿನ ಬಹುಪಾಲು ಚಾರ್ಜಿನಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹಾಗಾಗಿ ಅರ್ಧಂಬರ್ಧ ಚಾರ್ಜ್ ಮಾಡುತ್ತಾ ಬಂದ ಗಾಡಿಯಲ್ಲಿ ಶೇಕಡಾ ಲೆಕ್ಕ ದಾರಿ ತಪ್ಪಿರುತ್ತದೆ.

ಮೊದಲು ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ನೂರಾದ ಮೇಲೂ ಎರಡು ತಾಸು ಪ್ಲಗ್‌ನಲ್ಲೇ ಬಿಡಿ. ಸೆಲ್‌ಗಳು ಸಮವಾಗುತ್ತವೆ, ಶೇಕಡಾ ಲೆಕ್ಕವೂ ಸರಿಹೋಗುತ್ತದೆ. ಆಮೇಲೆ ಶೇ. 20ರವರೆಗೆ ಓಡಿಸಿ, ಗಾಡಿ ತಣ್ಣಗಾಗಲು ಬಿಟ್ಟು, ಮೀಟರ್ ಮೂಲಕ ನೂರಕ್ಕೆ ತುಂಬಿಸಿ. 21.3ರ ಹೊಸ ಪ್ಯಾಕಿಗೆ ಈ ಶೇ. 80 ಎಂದರೆ 17 ಯೂನಿಟ್, ಚಾರ್ಜರಿನಲ್ಲಿ ಶೇ. 12ರಷ್ಟು ನಷ್ಟ ಹಿಡಿದರೆ ಮೀಟರಿನಲ್ಲಿ 19.4 ಬರಬೇಕು. ನಿಮ್ಮ ಮೀಟರ್ 15.5 ತೋರಿಸಿದರೆ, ಅದನ್ನು 0.88ರಿಂದ ಗುಣಿಸಿ 0.8ರಿಂದ ಭಾಗಿಸಿ: ಸುಮಾರು 17. ಅಂದರೆ 21.3ರಲ್ಲಿ 17, ಬ್ಯಾಟರಿ ಶೇ. 80 ಉಳಿದಿದೆ. ನಷ್ಟದ ಪಾಲು ಚಾರ್ಜರಿನಿಂದ ಚಾರ್ಜರಿಗೆ ಬೇರೆ, ಆದ್ದರಿಂದ ನಾಲ್ಕೈದು ಶೇಕಡಾ ಆಚೀಚೆ ಇರುತ್ತದೆ. ದಾನದ ತೀರ್ಮಾನಕ್ಕೆ ಇಷ್ಟು ಸಾಕು.

ಶೇ. 80ರ ಮೇಲಿದ್ದರೆ ಧೈರ್ಯವಾಗಿ ಕೊಡಿ. 70ರಿಂದ 80ರ ನಡುವೆ ಇದ್ದರೆ ಆ ಅಂಕಿಯನ್ನು ಬರೆದುಕೊಟ್ಟು, ಊರೊಳಗಿನ ಕೆಲಸಕ್ಕೆ ಮಾತ್ರ ಎಂದು ಹೇಳಿ ಕೊಡಿ. 70ಕ್ಕಿಂತ ಕೆಳಗಿದ್ದು ವಾರಂಟಿಯೂ ಮುಗಿದಿದ್ದರೆ, ನಮ್ಮ ಮಾತು ಸ್ಪಷ್ಟ: ಬ್ಯಾಟರಿ ಬದಲಿಸುವ ಖರ್ಚನ್ನೂ ಸೇರಿಸಿ ಕೊಡುವ ಶಕ್ತಿ ನಿಮಗಿದ್ದರೆ ಕೊಡಿ, ಇಲ್ಲವಾದರೆ ಮಾರಿ ಹಣ ಕೊಡಿ.

ಸರ್ವಿಸ್ ಸೆಂಟರಿನ ವರದಿಯೂ ಬೇಕೇ?

ಬೇಕು. ಸೆಲ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ಅಲ್ಲಿಯೇ ಗೊತ್ತಾಗುವುದು. ಅರ್ಧ ಚಾರ್ಜಿನಲ್ಲಿ, ಗಾಡಿ ನಿಂತಿರುವಾಗ ವ್ಯತ್ಯಾಸ 30 ಮಿಲಿವೋಲ್ಟ್ ಒಳಗಿದ್ದರೆ ಸರಿ; 100 ದಾಟಿದರೆ ಒಂದು ಸೆಲ್ ಸೋಲುತ್ತಿದೆ ಎಂದು ಅರ್ಥ, ಪ್ಯಾಕ್ ಒಟ್ಟಾರೆ ಚೆನ್ನಾಗಿ ಕಂಡರೂ. ಉಳಿದ ವಾರಂಟಿ ಹೊಸ ಮಾಲೀಕರಿಗೆ ಸಿಗುತ್ತದೆಯೇ, ಅದಕ್ಕೆ ಸರ್ವಿಸ್ ದಾಖಲೆ ಬೇಕೇ ಎಂಬುದನ್ನೂ ಅಲ್ಲೇ ಬರಹದಲ್ಲಿ ಕೇಳಿ. ಒಂದೆರಡು ಸರ್ವಿಸ್ ತಪ್ಪಿಸಿದ್ದಕ್ಕೇ ವಾರಂಟಿ ನಿರಾಕರಿಸುವುದುಂಟು.

ಬ್ಯಾಟರಿ ಬಿಟ್ಟು ಬೇರೆ ಏನೇನು ನೋಡಬೇಕು?

ಮೊದಲು ಚಾರ್ಜಿಂಗ್ ಪ್ಲಗ್. 16 ಆಂಪಿಯರ್ ಪ್ಲಗ್‌ನ ಮೂರು ಪಿನ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಪಿನ್ ಕಂದು ಬಣ್ಣಕ್ಕೆ ತಿರುಗಿ, ಅದರ ಬುಡದ ಪ್ಲಾಸ್ಟಿಕ್ ಉಬ್ಬಿದ್ದರೆ, ಸಡಿಲವಾದ ಸಾಕೆಟ್‌ನಲ್ಲಿ ತಿಂಗಳುಗಟ್ಟಲೆ ಬಿಸಿಯಾಗಿದೆ ಎಂದು ತಿಳಿಯಬೇಕು. ಹೊಸ ಪ್ಲಗ್ ಹಾಕಿಸದೆ ಕೊಟ್ಟರೆ ಅದು ಸಂಸ್ಥೆಯ ಹೊಸ ಸಾಕೆಟ್ಟನ್ನೂ ಸುಡುತ್ತದೆ. ಗಾಡಿಯ ಕಡೆಯ ಗನ್ ಪಿನ್‌ಗಳನ್ನೂ ಹೀಗೇ ನೋಡಿ.

ಆಮೇಲೆ 12 ವೋಲ್ಟಿನ ಚಿಕ್ಕ ಬ್ಯಾಟರಿ. ದೊಡ್ಡ ಬ್ಯಾಟರಿ ತುಂಬಿದ್ದರೂ ಇದು ಸತ್ತರೆ ಗಾಡಿ ಏಳುವುದಿಲ್ಲ, ಏಕೆಂದರೆ ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್ (ಕಾಂಟ್ಯಾಕ್ಟರ್) ಆನ್ ಆಗುವುದು ಇದರ ಶಕ್ತಿಯಿಂದಲೇ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು, 12.2ಕ್ಕಿಂತ ಕೆಳಗಿದ್ದರೆ ಬದಲಿಸಿ ಕೊಡಿ. "ದಾನ ಕೊಟ್ಟ ಗಾಡಿ ಎರಡೇ ತಿಂಗಳಿಗೆ ಕೆಟ್ಟಿತು" ಎಂಬ ದೂರುಗಳಲ್ಲಿ ಎಷ್ಟೋ ಸಲ ಇದೇ ಕಾರಣ.

ಬ್ರೇಕ್ ವಿಷಯದಲ್ಲಿ ಒಂದು ವಿಶೇಷವಿದೆ. ಎಲೆಕ್ಟ್ರಿಕ್ ಗಾಡಿ ವೇಗ ಇಳಿಸುವಾಗ ಮೋಟರ್ ಬಹುಪಾಲು ಹಿಡಿಯುವುದರಿಂದ ಬ್ರೇಕ್ ಸವೆಯುವುದಕ್ಕಿಂತ ತುಕ್ಕು ಹಿಡಿದು ಬಿಗಿಯುವುದೇ ಹೆಚ್ಚು. ನಾಲ್ಕೂ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿಸಿ. ಕೂಲಂಟ್, ಗೇರ್‌ಬಾಕ್ಸ್ ಆಯಿಲ್, ಪಟ್ಟಾ ಬುಷ್, ಟೈರ್ ಇವು ಎಲ್ಲ ಗಾಡಿಗಳಂತೆಯೇ.

ಚಾರ್ಜಿಂಗ್ ಕೇಬಲ್, ಎರಡೂ ಕೀ, ಜ್ಯಾಕ್, ಸ್ಟೆಪ್ನಿ ಜೊತೆಗೇ ಹೋಗಲಿ. ಕೇಬಲ್ ಕಳೆದಿದ್ದರೆ ಹೊಸದು ಕೊಂಡು ಕೊಡಿ.

ಬ್ಯಾಟರಿ ಬಾಡಿಗೆಯದ್ದು. ಆಗ?

ಬ್ಯಾಟರಿ ಬದಲಾಯಿಸುವ ಕೇಂದ್ರಗಳ ಒಪ್ಪಂದದಲ್ಲಿ ಓಡುವ ಗಾಡಿಗಳಲ್ಲಿ ಬ್ಯಾಟರಿ ನಿಮ್ಮದಲ್ಲ, ಅದನ್ನು ದಾನ ಕೊಡುವ ಹಕ್ಕೂ ನಿಮಗಿಲ್ಲ. ಕಂಪನಿ ಸಂಸ್ಥೆಯ ಹೆಸರಿಗೆ ಹೊಸ ಒಪ್ಪಂದ ಬರೆದುಕೊಟ್ಟು, ತಿಂಗಳ ಬಾಡಿಗೆ ಕಟ್ಟಲು ಸಂಸ್ಥೆ ಒಪ್ಪಿದರೆ ಮಾತ್ರ ಮುಂದುವರಿಯಿರಿ.

ಸಂಸ್ಥೆಯಲ್ಲಿ ಚಾರ್ಜ್ ಮಾಡಲು ಏನು ಸಿದ್ಧತೆ ಬೇಕು?

ಮೂರು ಕಿಲೋವ್ಯಾಟ್ ಆಸುಪಾಸಿನ ಚಾರ್ಜರ್ ರಾತ್ರಿ ಆರೇಳು ತಾಸು ಬಿಡದೆ ಓಡುತ್ತದೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ತಡೆದ ವೈರಿಂಗ್ ಇದನ್ನು ತಡೆಯುವುದಿಲ್ಲ. ಮೀಟರ್ ಬೋರ್ಡಿನಿಂದಲೇ ಬೇರೆ ಲೈನು ಎಳೆಸಿ: 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಒಳ್ಳೆಯ ಕಂಪನಿಯ 16 ಆಂಪಿಯರ್ ಸಾಕೆಟ್. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಹಳ್ಳಿಗಳಲ್ಲಿ ಕಾಡುವುದು ಅರ್ಥಿಂಗ್. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಹಿಡಿದರೆ 2–3 ವೋಲ್ಟ್ ಮೀರಬಾರದು. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ ಇದು ಏರುತ್ತದೆ, ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಶಿರಾ, ಪಾವಗಡ, ಮಧುಗಿರಿ ಕಡೆ "ಚಾರ್ಜರ್ ಕೆಟ್ಟಿದೆ" ಎನ್ನುವವರು ಮೊದಲು ಗುಂಡಿಗೆ ಎರಡು ಕೊಡ ನೀರು ಹಾಕಿ ನೋಡಲಿ. ವೋಲ್ಟೇಜ್ 180ರ ಕೆಳಗೆ ಇಳಿದಾಗಲೂ ಹಲವು ಚಾರ್ಜರ್‌ಗಳು ನಿಲ್ಲುತ್ತವೆ. ಅಂಥ ಕಡೆ ನಡುರಾತ್ರಿಯ ನಂತರ ಚಾರ್ಜ್ ಮಾಡುವುದು ಒಳ್ಳೆಯದು.

ಮಂಜೂರಾದ ಲೋಡು 1 ಅಥವಾ 2 ಕಿಲೋವ್ಯಾಟ್ ಇದ್ದರೆ ಬೆಸ್ಕಾಂ ಉಪವಿಭಾಗದಲ್ಲಿ ಹೆಚ್ಚಿಸಿಕೊಳ್ಳಬೇಕು. ತೋಟದ ಪಂಪ್‌ಸೆಟ್ ಲೈನಿನಿಂದ ಚಾರ್ಜ್ ಮಾಡುವುದು ಕಾನೂನಿಗೆ ವಿರುದ್ಧ. ದಾನಿಗಳಿಗೆ ಒಂದು ಕೋರಿಕೆ: ಸಾಧ್ಯವಾದರೆ ಈ ವೈರಿಂಗನ್ನೂ ನೀವೇ ಮಾಡಿಸಿಕೊಡಿ. ಗಾಡಿಯ ಬೆಲೆಯ ಮುಂದೆ ಇದು ಚಿಕ್ಕ ಖರ್ಚು, ಆದರೆ ಗಾಡಿ ಓಡುವುದೋ ನಿಲ್ಲುವುದೋ ಇದರ ಮೇಲೆ ನಿಂತಿದೆ.

ಆರ್‌ಸಿ ವರ್ಗಾವಣೆ ಹೇಗೆ?

ದಾನವಾದರೂ ಆರ್‌ಟಿಓ ಲೆಕ್ಕದಲ್ಲಿ ಇದು ಮಾಲೀಕತ್ವದ ವರ್ಗಾವಣೆಯೇ. ಪರಿವಾಹನ್ ಜಾಲತಾಣದಲ್ಲಿ ಅರ್ಜಿ ತುಂಬಿ, ಫಾರಂ 29 ಮತ್ತು 30ಕ್ಕೆ ಇಬ್ಬರೂ ಸಹಿ ಹಾಕಬೇಕು. ಜೊತೆಗೆ ಆರ್‌ಸಿ, ಚಾಲ್ತಿಯಲ್ಲಿರುವ ಇನ್ಷೂರೆನ್ಸ್, ಫಿಟ್‌ನೆಸ್ ಸರ್ಟಿಫಿಕೇಟ್, ಎರಡೂ ಕಡೆಯ ಪ್ಯಾನ್ ಮತ್ತು ವಿಳಾಸದ ದಾಖಲೆ. ಸಂಸ್ಥೆಯ ಕಡೆಯಿಂದ ಟ್ರಸ್ಟ್ ಡೀಡ್ ಅಥವಾ ಸಂಘದ ನೋಂದಣಿ ಪತ್ರ, ಗಾಡಿ ಸ್ವೀಕರಿಸಲು ಮತ್ತು ಸಹಿ ಹಾಕಲು ಯಾರಿಗೆ ಅಧಿಕಾರ ಎಂದು ಹೇಳುವ ನಿರ್ಣಯದ ಪ್ರತಿ. ಕಡತ ಹೆಚ್ಚಾಗಿ ವಾಪಸ್ ಬರುವುದು ಈ ಕೊನೆಯದು ಇಲ್ಲದ್ದಕ್ಕೇ. ಇನ್ನೊಂದು: ಟ್ರಸ್ಟಿನ ಅಧ್ಯಕ್ಷರ ಸ್ವಂತ ಹೆಸರಿಗೆ ಮಾಡಿಸಬೇಡಿ, ಟ್ರಸ್ಟಿನ ಹೆಸರಿಗೇ ಆಗಲಿ.

ಕೊಟ್ಟವರು 14 ದಿನದೊಳಗೆ, ಪಡೆದವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತದೆ. ಪಡೆದವರ ವಿಳಾಸ ಯಾವ ಕಚೇರಿಯ ವ್ಯಾಪ್ತಿಯಲ್ಲಿದೆಯೋ ಅಲ್ಲಿ ಕೆಲಸ: ತುಮಕೂರು ಕೆಎ-06, ತಿಪಟೂರು ಕೆಎ-44, ಮಧುಗಿರಿ ಕೆಎ-64. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಮತ್ತು ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಕೊಟ್ಟು ತೆಗೆಸಬೇಕು. ಬಾಕಿ ದಂಡಗಳನ್ನೂ ಕಟ್ಟಿ ಮುಗಿಸಿ.

ದಾನಪತ್ರ ನೋಂದಣಿಯಾಗಬೇಕೇ ಎಂದು ಕೇಳುವವರಿದ್ದಾರೆ. ಚರ ಆಸ್ತಿಯನ್ನು ಕೈಗೆ ಒಪ್ಪಿಸಿದರೂ ದಾನ ಪೂರ್ಣ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಿಲ್ಲ. ಆದರೂ ಚಾಸಿ ನಂಬರ್, ಮೋಟರ್ ನಂಬರ್, ಓಡಿದ ಕಿಲೋಮೀಟರ್, ಬ್ಯಾಟರಿ ಪರೀಕ್ಷೆಯ ಅಂಕಿ, ಒಪ್ಪಿಸಿದ ದಿನ ಮತ್ತು ಗಂಟೆ ಬರೆದ ಪತ್ರಕ್ಕೆ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.

ಗಾಡಿ ಈಗ ಕೊಟ್ಟು, ಆರ್‌ಸಿ ನಿಧಾನವಾಗಿ ಮಾಡಿಸಿದರೆ ಆಗದೇ?

ಆಗದು. ಗಾಡಿ ಕೈಬದಲಾದರೂ ಆರ್‌ಸಿಯಲ್ಲಿ ಹೆಸರಿರುವವರೇ ಕಾನೂನಿನ ಕಣ್ಣಿಗೆ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಗಾಡಿ ಹಲವು ಕೈ ದಾಟಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಇತ್ತು. ಕೀ ಕೊಡುವ ಫೋಟೊ, ಹಾರ ತುರಾಯಿ ಎಲ್ಲ ಹೊಸ ಆರ್‌ಸಿ ಬಂದ ಮೇಲಾಗಲಿ.

ಸಂಸ್ಥೆ ಹಿಂದೂಪುರದಲ್ಲಿದೆ. ಕೊಡಬಹುದೇ?

ಕೊಡಬಹುದು, ಕೆಲಸ ಹೆಚ್ಚು. ಅದು ಆಂಧ್ರ, ಫಾರಂ 28ರ ನಿರಾಕ್ಷೇಪಣಾ ಪತ್ರ ಪಡೆದು ಅಲ್ಲಿ ನೋಂದಣಿ ಮಾಡಿಸಬೇಕು. ಹೊರರಾಜ್ಯವಾದ್ದರಿಂದ ಕೊಟ್ಟವರು ತಿಳಿಸಲು 14ರ ಬದಲು 45 ದಿನದ ಅವಧಿ.

ಇನ್ಷೂರೆನ್ಸ್, ಪರ್ಮಿಟ್, ಫಿಟ್‌ನೆಸ್?

ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ಗಾಡಿಯೊಂದಿಗೇ ಹೋಗುತ್ತದೆ, ಆದರೆ ಗಾಡಿಯ ಸ್ವಂತ ಹಾನಿಯ ವಿಮೆ ಹೆಸರು ಬದಲಿಸದೆ ಸಿಗದು. ಪಡೆದವರು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ನಿಮ್ಮ ನೋ ಕ್ಲೇಮ್ ಬೋನಸ್ ನಿಮ್ಮದು. ಅದರ ಪತ್ರ ಕೇಳಿ ಪಡೆಯಿರಿ, ಮುಂದಿನ ಗಾಡಿಗೆ ಬರುತ್ತದೆ.

ಬ್ಯಾಟರಿ ಗಾಡಿಗಳಿಗೆ 2018ರ ಅಕ್ಟೋಬರ್ ಅಧಿಸೂಚನೆಯಿಂದ ಪರ್ಮಿಟ್ ಬೇಕಿಲ್ಲ. ಹೊಗೆ ತಪಾಸಣೆಯೂ ಇಲ್ಲ. ಫಿಟ್‌ನೆಸ್ ಮಾತ್ರ ಬೇಕೇ ಬೇಕು: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ಸಂಸ್ಥೆಯ ಡ್ರೈವರ್ ಬಳಿ ಕಾರಿನ ಲೈಸೆನ್ಸ್ ಮಾತ್ರ ಇದೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗಬಹುದೇ?

ಲೈಸೆನ್ಸ್ ಸಾಕು. 7,500 ಕೆಜಿ ಒಳಗಿನ ಸರಕು ಗಾಡಿಗೆ ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ.

ಮಕ್ಕಳನ್ನಾಗಲಿ ದೊಡ್ಡವರನ್ನಾಗಲಿ ತೊಟ್ಟಿಯಲ್ಲಿ ಕೂರಿಸಲೇಬಾರದು. ಸರಕು ಗಾಡಿಯಲ್ಲಿ ಪುಕ್ಕಟೆ ಕೂತ ಪ್ರಯಾಣಿಕರಿಗೆ ಕಡ್ಡಾಯ ವಿಮೆಯ ರಕ್ಷಣೆ ಇಲ್ಲ. ಜಾತ್ರೆ, ಕ್ರೀಡಾಕೂಟಕ್ಕೆಂದು ಹೋದ ಗಾಡಿ ಮಗುಚಿದರೆ ಇಡೀ ಪರಿಹಾರ ಸಂಸ್ಥೆಯ ಮೇಲೆ ಬೀಳುತ್ತದೆ. ಇದನ್ನು ದಾನಪತ್ರದಲ್ಲೇ ಬರೆಯಿರಿ.

80ಜಿ ತೆರಿಗೆ ವಿನಾಯಿತಿ ಸಿಗುತ್ತದೆಯೇ?

ಗಾಡಿಗೆ ಸಿಗುವುದಿಲ್ಲ. ದಾನಕ್ಕೆ ಆದಾಯ ತೆರಿಗೆಯಲ್ಲಿ ಕಡಿತ ಕೊಡುವ 80ಜಿ ಹಣದ ರೂಪದ ದಾನಕ್ಕೆ ಮಾತ್ರ. "ಎರಡು ಲಕ್ಷದ ಗಾಡಿ ಪಡೆದಿದ್ದೇವೆ" ಎಂದು ಸಂಸ್ಥೆ ರಸೀದಿ ಕೊಟ್ಟರೂ ಅದು ತೆರಿಗೆ ಲೆಕ್ಕಕ್ಕೆ ಬರದು. ಹಣ ಬಂದಂತೆ ರಸೀದಿ ಬರೆಸಿಕೊಳ್ಳುವುದು ಇಬ್ಬರಿಗೂ ಅಪಾಯ. ವಿನಾಯಿತಿ ಮುಖ್ಯವಾದರೆ ಗಾಡಿ ಮಾರಿ, ಬಂದ ಹಣವನ್ನು ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ. 2,000 ರೂಪಾಯಿಗಿಂತ ಹೆಚ್ಚಿನ ನಗದು ಲೆಕ್ಕಕ್ಕಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಈ ಕಡಿತವಿಲ್ಲ.

ಗಾಡಿ ನಮ್ಮ ಅಂಗಡಿಯ ಜಿಎಸ್‌ಟಿ ಹೆಸರಿನಲ್ಲಿದೆ. ಪುಕ್ಕಟೆ ಕೊಟ್ಟರೂ ತೆರಿಗೆಯೇ?

ಕೊಳ್ಳುವಾಗ ಇನ್‌ಪುಟ್ ಕ್ರೆಡಿಟ್ (ಗಾಡಿಗೆ ಕಟ್ಟಿದ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತೆಗೆದುಕೊಂಡಿದ್ದರೆ ಹೌದು. ಅಂಥ ವ್ಯಾಪಾರದ ಆಸ್ತಿಯನ್ನು ಬೆಲೆಯಿಲ್ಲದೆ ಕೊಟ್ಟರೂ ಅದು ಸರಬರಾಜು ಎಂದೇ ಜಿಎಸ್‌ಟಿ ಕಾಯ್ದೆಯ ಮೊದಲ ಅನುಸೂಚಿ ಹೇಳುತ್ತದೆ. 10 ಲಕ್ಷದ ಗಾಡಿಗೆ ಶೇ. 5ರಂತೆ 50,000 ಕ್ರೆಡಿಟ್ ಪಡೆದು ಮೂರು ವರ್ಷ ಓಡಿಸಿದ್ದೀರಿ ಎನ್ನಿ. ತ್ರೈಮಾಸಿಕಕ್ಕೆ ಶೇ. 5ರಂತೆ 12 ತ್ರೈಮಾಸಿಕಕ್ಕೆ ಶೇ. 60 ಕಳೆದರೆ ಉಳಿಯುವುದು 20,000. ಈ ಮೊತ್ತ, ಇಲ್ಲವೇ ಈಗಿನ ಬೆಲೆಯ ಮೇಲಿನ ತೆರಿಗೆ, ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ಕ್ರೆಡಿಟ್ ಪಡೆದಿರದಿದ್ದರೆ ಈ ತೊಡಕಿಲ್ಲ. ಆಡಿಟರಿಗೆ ಮೊದಲೇ ಹೇಳಿ, ಕೊಟ್ಟ ಮೇಲಲ್ಲ.

ಕಂಪನಿಯವರು ಇದನ್ನು ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಖರ್ಚೆಂದು ತೋರಿಸಬಹುದೇ?

ಇಲ್ಲ. ವಸ್ತುವಿಗೆ ಬೆಲೆ ಕಟ್ಟಿ ಸಿಎಸ್‌ಆರ್ ಎಂದು ತೋರಿಸುವಂತಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲೇ ಸ್ಪಷ್ಟಪಡಿಸಿದೆ.

ಕೊಡುವ ದಿನ ಮರೆತುಹೋಗುವುದು ಯಾವುದು?

ಮೊಬೈಲ್ ಆಪ್. ಎಷ್ಟೋ ಗಾಡಿಗಳು ಮಾಲೀಕರ ಆಪ್‌ಗೆ ಜೋಡಿಸಿರುತ್ತವೆ. ಹಳೆಯ ಖಾತೆ ತೆಗೆಸದಿದ್ದರೆ ಗಾಡಿ ಎಲ್ಲಿದೆ ಎಂಬುದು ನಿಮಗೆ ಕಾಣುತ್ತಲೇ ಇರುತ್ತದೆ, ಎಚ್ಚರಿಕೆಯ ಸಂದೇಶಗಳು ಸಂಸ್ಥೆಗೆ ಹೋಗುವುದಿಲ್ಲ. ಫಾಸ್ಟ್ಯಾಗ್ ಮುಚ್ಚಿಸಿ, ಇಲ್ಲವಾದರೆ ಕ್ಯಾತ್ಸಂದ್ರ ಟೋಲಿನ ಹಣ ನಿಮ್ಮ ಖಾತೆಯಿಂದಲೇ ಹೋಗುತ್ತದೆ. ಬಾಡಿಯ ಮೇಲಿನ ಅಂಗಡಿ ಹೆಸರು, ಫೋನ್ ನಂಬರ್ ಅಳಿಸಿ. ಹಸಿರು ಪಟ್ಟಿಯ ಮೇಲಿನ ಹಳದಿ ಅಕ್ಷರದ ನಂಬರ್ ಪ್ಲೇಟ್ ಹಾಗೆಯೇ ಇರಲಿ.

ಕಾಗದ ಆಗುವವರೆಗೆ ಗಾಡಿ ಒಂದೆರಡು ತಿಂಗಳು ನಿಂತೇ ಇರುತ್ತದೆ. ಏನು ಮಾಡಬೇಕು?

ಶೇ. 50–60 ಚಾರ್ಜಿನಲ್ಲಿ, ನೆರಳಲ್ಲಿ ನಿಲ್ಲಿಸಿ. ಖಾಲಿ ಬ್ಯಾಟರಿಯಲ್ಲಿ ನಿಲ್ಲಿಸಿದರೆ ಸೆಲ್ ಅತಿಯಾಗಿ ಇಳಿದು ಮತ್ತೆ ಚಾರ್ಜ್ ಹಿಡಿಯದೆ ಹೋಗಬಹುದು. ಹದಿನೈದು ದಿನಕ್ಕೊಮ್ಮೆ ನಾಲ್ಕು ಕಿಲೋಮೀಟರ್ ಓಡಿಸಿ. ಅದಾಗದಿದ್ದರೆ 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ.

ಗಾಡಿ ಓಡುತ್ತಲೇ ಇಲ್ಲ. ಗುಜರಿಗೆ ಹಾಕಿ ಹಣ ಕೊಡಬಹುದೇ?

ಹಣ ಕೊಡಬಹುದು, ಆದರೆ ಊರಿನ ಗುಜರಿಗೆ ಅಲ್ಲ. ಸರ್ಕಾರದ ನೋಂದಣಿ ಪಡೆದ ವಾಹನ ಗುಜರಿ ಕೇಂದ್ರಕ್ಕೇ ಕೊಟ್ಟು ಠೇವಣಿ ಪ್ರಮಾಣಪತ್ರ (ಗಾಡಿ ಒಪ್ಪಿಸಿದ್ದಕ್ಕೆ ಕೊಡುವ ಪತ್ರ) ಪಡೆದು, ಆರ್‌ಸಿ ರದ್ದು ಮಾಡಿಸಿ. ಬ್ಯಾಟರಿಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ವಾಪಸ್ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರದ್ದು. ಸರ್ವಿಸ್ ಸೆಂಟರ್ ಮೂಲಕವೇ ಹೋಗಲಿ. ಗ್ಯಾಸ್ ಕಟ್ಟರ್ ಹಿಡಿದು ಪ್ಯಾಕ್ ಒಡೆದರೆ ಹೊತ್ತುವ ಬೆಂಕಿ ಸುಲಭಕ್ಕೆ ಆರುವುದಿಲ್ಲ, ಅದರ ಹೊಗೆ ವಿಷ. ಗುಜರಿ ಹಣವನ್ನು ಬ್ಯಾಂಕ್ ಮೂಲಕ ಸಂಸ್ಥೆಗೆ ಕಳಿಸಿದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ, ಸಂಸ್ಥೆಗೆ 80ಜಿ ಮಾನ್ಯತೆ ಇದ್ದರೆ, ಆ ಮೊತ್ತಕ್ಕೆ ರಸೀದಿಯೂ ಸಿಗುತ್ತದೆ.